ರೋಟಾವೇಟರ್ ಸ್ಥಾನಪಲ್ಲಟ ಮೀಮಾಂಸೆ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದು ಹಿರಿಯರು ವಿಧಿಸಿದ್ದಾರೆ. ಪ್ರಕೃತ ಶಾಸ್ತ್ರದ ವಿಷಯ, ಸುಮಾರು 450 ಕಿಲೋ ತೂಗುವ ಆರಡಿ ರೋಟಾವೇಟರ್. ಪ್ರಯೋಜನ, ಅದು ಅಂಗಳದ ನಡುವಿನಿಂದ ಎದ್ದು ತಗಡಿನ ಶೆಡ್ಡಿನ ಮೂಲೆ ಸೇರುವುದು. ಸಂಬಂಧ, ಕತ್ತಲಲ್ಲಿ ಅದಕ್ಕೆ ಮೊಣಕಾಲು ಬಡಿಸಿಕೊಂಡ ಮನೆಮಂದಿಗೆಲ್ಲ ಸ್ವಯಂವೇದ್ಯ. ಅಧಿಕಾರಿಯ ವಿಚಾರದಲ್ಲಿ ಮಾತ್ರ ಮತಭೇದವಿದೆ. ದುಡ್ಡು ಕೊಟ್ಟು ತಂದ ಯಜಮಾನನೇ ಅಧಿಕಾರಿ ಎಂದು ಕೆಲವರು. ಅವನು ದೂರ ನಿಂತು ಕೈ ಬೀಸುವವನಾದ್ದರಿಂದ ಡ್ರೈವರನೇ ಎಂದು ಕೆಲವರು. ದಾರಿಯಲ್ಲಿ ಹೋಗುತ್ತಿದ್ದವನು ಕರೆಯದೆ ಒಳಬಂದು, ಧೋತರ ಎತ್ತಿ ಕಟ್ಟಿ, "ಹಂಗಲ್ಲಪಾ, ಹಿಂಗ" ಎನ್ನುತ್ತಾನಲ್ಲ, ಅವನೇ ಅಧಿಕಾರಿ ಎಂಬುದು ಸಿದ್ಧಾಂತ.

ಪೂರ್ವಪಕ್ಷಿ ಕೇಳುತ್ತಾನೆ: ಹೊಲದಿಂದ ಎತ್ತಿಕೊಂಡು ಬಂದ ಟ್ರ್ಯಾಕ್ಟರೇ ಅದನ್ನು ಮೂಲೆಯಲ್ಲೂ ಇಡಬಾರದೇಕೆ? ಇಡಲಾರದು. ಟ್ರ್ಯಾಕ್ಟರ್ ಹಿಂದೆ ಸರಿಯಬಲ್ಲುದು, ಮುಂದೆ ಬರಬಲ್ಲುದು. ಅಡ್ಡಡ್ಡ ಸರಿಯುವ ವಿದ್ಯೆ ಅದಕ್ಕಿಲ್ಲ. ಹಾಗಾಗಿ ರೋಟಾವೇಟರ್ ಬಾಗಿಲಿಗೆ ನೇರವಾಗಿ ಕೂತು ದಾರಿ ಕಟ್ಟುತ್ತದೆ. ಪಲ್ಟಿ ನೇಗಿಲು, ಒಂಬತ್ತು ಹಲ್ಲಿನ ಕಲ್ಟಿವೇಟರ್, ಕೂರಿಗೆ ಇವೆಲ್ಲ ಹೊರಗೆ ಮಳೆಯಲ್ಲಿ ನಿಲ್ಲುತ್ತವೆ.

ಟ್ರ್ಯಾಕ್ಟರ್ ತನ್ನ ಹಿಂದಿನ ಸಲಕರಣೆಯನ್ನು ಮೂರು ಕಡೆ ಹಿಡಿದು ಎತ್ತುವ ಜೋಡಣೆಯನ್ನು ರೂಪಿಸಿದವನು ಹ್ಯಾರಿ ಫರ್ಗ್ಯುಸನ್. 1939ರ ಫೋರ್ಡ್-ಫರ್ಗ್ಯುಸನ್ ಟ್ರ್ಯಾಕ್ಟರಿನಿಂದ ಅದು ಲೋಕಪ್ರಸಿದ್ಧವಾಯಿತು. 1909ರಲ್ಲಿ ಐರ್ಲೆಂಡಿನಲ್ಲಿ ಮೊದಲು ವಿಮಾನ ಹಾರಿಸಿದವನೂ ಇವನೇ. ಆಕಾಶಕ್ಕೇರಿದವನ ಕಣ್ಣಿಗೆ ನೆಲದ ಮೇಲಿನ ಕೊನೆಯ ಗೇಣು ಬೀಳಲಿಲ್ಲವೆಂದು ನಮ್ಮ ಆಕ್ಷೇಪ. ಟ್ರ್ಯಾಕ್ಟರಿನ ಕೆಳಗಿನ ಕೈಯ ತೂತು ರೋಟಾವೇಟರಿನ 28 ಮಿಲಿಮೀಟರಿನ ಪಿನ್ನಿಗೆ ಕೂಡಬೇಕಾದ ಆ ಗೇಣಿನಲ್ಲೇ ಪ್ರಮಾಣಗಳೆಲ್ಲ ಸೋಲುತ್ತವೆ. ಡ್ರೈವರನಿಗೆ ತೂತು ಕಾಣುವುದಿಲ್ಲ, ಪ್ರತ್ಯಕ್ಷ ಹೋಯಿತು. ಅವನ ಅನುಮಾನವೆಲ್ಲ ಕ್ಲಚ್ಚಿನ ಮೇಲಿನ ಪಾದದಲ್ಲಿದೆ. ಉಳಿದದ್ದು ಶಬ್ದಪ್ರಮಾಣ: "ಇನ್ನ ಒಂದ್ ಗೇಣ ಹಿಂದ ಬಾ... ಬಾ... ಸಾಕ್! ಅಯ್ಯ, ಹೆಚ್ಚಾತಲೇ!"

ಭಾರದ ವಿಷಯದಲ್ಲಿ ಕನ್ನಡ ನಾಡಿಗೆ ಎರಡು ಪರಂಪರೆಗಳಿವೆ. ಶ್ರವಣಬೆಳಗೊಳದಲ್ಲಿ 981ರ ಸುಮಾರಿಗೆ ಗೊಮ್ಮಟನನ್ನು ಬೆಟ್ಟದ ಬಂಡೆಯಲ್ಲೇ ಕಡೆದರು. ಸಾಗಿಸುವ ಪ್ರಶ್ನೆಯನ್ನೇ ಬುಡದಲ್ಲಿ ಕತ್ತರಿಸಿದ ಮಹಾಜಾಣರು. ಬಿಚ್ಚಿದಲ್ಲೇ ರೋಟಾವೇಟರನ್ನು ಪ್ರತಿಷ್ಠಾಪಿಸುವ ರೈತರು ತಾವು ಈ ಪರಂಪರೆಯವರೆಂದು ವಾದಿಸುತ್ತಾರೆ. ಆದರೆ ಕಲ್ಲಿಗೆ ತುಕ್ಕು ಹಿಡಿಯುವುದಿಲ್ಲವೆಂಬುದನ್ನು ಅವರು ಗಮನಿಸಿಲ್ಲ. ಇನ್ನೊಂದು ಧರ್ಮಸ್ಥಳದ್ದು. 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದು, 1973ರಲ್ಲಿ ಬಹುಚಕ್ರಗಳ ವಾಹನದ ಮೇಲೆ ಸಾಗಿಸಿ ತಂದರು. ಪ್ರತಿಷ್ಠಾಪನೆ ಆದದ್ದು 1982ರಲ್ಲಿ. ಚಕ್ರ ಬೇಕು, ಅವಸರ ಬೇಡ ಎಂಬ ಎರಡು ಸೂತ್ರಗಳನ್ನು ನಾವು ಇಲ್ಲಿಂದ ಪಡೆದಿದ್ದೇವೆ.

ಇನ್ನು ಉಪಪಂಥಗಳು. ಹಾರೆವಾದಿಗಳ ಗಣಿತ ನಿರ್ದುಷ್ಟ: ಆರಡಿ ಹಾರೆಗೆ ತುದಿಯಿಂದ ಅರ್ಧ ಅಡಿಯಲ್ಲಿ ಕಲ್ಲು ಕೊಟ್ಟರೆ ಬಲ 11 ಪಟ್ಟು, ಒಂದು ಮಗ್ಗುಲಿನ 225 ಕಿಲೋ ಎತ್ತಲು 20 ಕಿಲೋ ಚಿಲ್ಲರೆ ಒತ್ತಿದರೆ ಸಾಕು. ಆದರೆ ಒಂದಿಂಚು ಏಳಲು 11 ಇಂಚು ಒತ್ತಬೇಕೆಂಬುದನ್ನೂ, ಕಲ್ಲು ಜಾರುವುದೆಂಬುದನ್ನೂ ಅವರು ಹೇಳುವುದಿಲ್ಲ. ಬೇವಿನ ಕೊಂಬೆಗೆ ಚೈನ್ ಬ್ಲಾಕ್ ಕಟ್ಟುವ ಊರ್ಧ್ವವಾದಿಗಳನ್ನು ಖಂಡಿಸುವ ಶ್ರಮ ನಮಗೆ ಬೇಡ, ಕೊಂಬೆಯೇ ಖಂಡಿಸುತ್ತದೆ.

ಉತ್ತರಪಕ್ಷವೆಂದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಚಾನೆಲ್ಲಿನಿಂದ ಹುಟ್ಟಿದ ನಾಲ್ಕು ಚಕ್ರದ ತಗ್ಗು ಗಾಡಿ. ಎರಡು ಚಕ್ರ ನೆಟ್ಟಗಿರಬೇಕು, ಎರಡು ತಿರುಗಬೇಕು. ಟ್ರ್ಯಾಕ್ಟರ್ ರೋಟಾವೇಟರನ್ನು ಎತ್ತಿ ನಿಂತಾಗ ಗಾಡಿಯನ್ನು ಬಡಿಗೆಯಿಂದ ಅದರಡಿಗೆ ತಳ್ಳಿ, ಗಾಲಿಗೆ ಕಲ್ಲು ಕೊಟ್ಟು, ಮೆಲ್ಲಗೆ ಇಳಿಸಿ, ಎಂಜಿನ್ ಆರಿಸಿ, ಪಿಟಿಓ ಶಾಫ್ಟ್, ಟಾಪ್ ಲಿಂಕ್, ಕೆಳಗಿನ ಕೈಗಳು ಎಂಬ ಕ್ರಮದಲ್ಲಿ ಬಿಚ್ಚಬೇಕು. ಎತ್ತಿದ್ದರ ಕೆಳಗೆ ಹೈಡ್ರಾಲಿಕ್ಕನ್ನು ನಂಬಿ ಕೈ ಹಾಕುವುದು ಮಹಾಪಾತಕ. ಇದರಲ್ಲಿ ತಮಾಷೆಯಿಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಬಿಚ್ಚಿದ ಶಾಫ್ಟನ್ನು ತೊಲೆಗೆ ನೇತುಹಾಕಿ, ಬ್ಲೇಡುಗಳಿಗೆ ಸುಟ್ಟ ಎಂಜಿನ್ ಆಯಿಲ್ ಸವರಿದರೆ ಅದರ ಚಾತುರ್ಮಾಸ್ಯ ಸುಗಮ.

ಈ ಗಾಡಿಯ ಪರಮರಹಸ್ಯ ಬಿಚ್ಚುವುದರಲ್ಲಿಲ್ಲ, ಮುಂದಿನ ಹಂಗಾಮಿಗೆ ಕಟ್ಟುವುದರಲ್ಲಿದೆ. ಇಷ್ಟು ದಿನ ಟ್ರ್ಯಾಕ್ಟರ್ ಪಿನ್ನನ್ನು ಹುಡುಕಿಕೊಂಡು ಬರುತ್ತಿತ್ತು. ಈಗ ಟ್ರ್ಯಾಕ್ಟರ್ ಸುಮ್ಮನೆ ನಿಲ್ಲುತ್ತದೆ, ಪಿನ್ನೇ ಉರುಳಿಕೊಂಡು ತೂತಿನ ಬಳಿಗೆ ಬರುತ್ತದೆ. ಕೊನೆಯ ಗೇಣು ಹೀಗೆ ಪರಿಹಾರವಾಯಿತು, ಕೂಗುವವನಿಗೆ ಕೆಲಸ ತಪ್ಪಿತು. ಅವನು ಈಗ ಗಾಡಿಯ ಗಾಲಿ ಸಣ್ಣದಾಯಿತೆಂದು ಹೇಳುತ್ತಾನೆ. ಎರೆಮಣ್ಣಿನ ನೆಲದಲ್ಲಾದರೆ ಅವನ ಮಾತು ನಿಜ: ಸಣ್ಣ ಗಾಲಿ ಹೂತುಹೋಗುತ್ತದೆ, ಕಾಂಕ್ರೀಟನ್ನೋ ಶಹಾಬಾದ್ ಫರಸಿಯನ್ನೋ ಹಾಕಿಸಬೇಕು. ಗಾಡಿಗಿಂತ ನೆಲದ ಖರ್ಚೇ ಹೆಚ್ಚು.

ಈ ಶಾಸ್ತ್ರ ಓದಿ ಗಾಡಿ ಮಾಡಿಸಿಕೊಳ್ಳುವವರಿಗೆ ನಮ್ಮ ಅಳತೆ ಪುಕ್ಕಟೆ ಸಿಗುತ್ತದೆ. ಆದರೆ ಅಳತೆ ನೋಡುವ ನೆಪದಲ್ಲಿ ನಮ್ಮ ಗಾಡಿಯನ್ನೇ ಒಯ್ದು, ಅದರ ಮೇಲೆ ಈಗ ಹೊಟ್ಟಿನ ಚೀಲ ಒಟ್ಟಿಕೊಂಡಿರುವ ಮಹನೀಯರು ಮುಂಗಾರಿಗೆ ಮುಂಚೆ ಅದನ್ನು ವಾಪಸು ತಂದುಕೊಡಬೇಕಾಗಿ ವಿನಂತಿ.