ಎಷ್ಟನೇ ಭಾಷೆ?

ಇಂಗ್ಲಿಷ್ ಮೇಷ್ಟ್ರನ್ನು ಒಮ್ಮೆಯಾದರೂ ಸೋಲಿಸಬೇಕೆನ್ನುವ ಹುಡುಗರ ಬತ್ತಳಿಕೆಯಲ್ಲಿ ತಲೆಮಾರುಗಳಿಂದ ಒಂದು ಬಾಣವಿದೆ. ‘ಶ್ರೀರಾಮ ದಶರಥನಿಗೆ ಎಷ್ಟನೇ ಮಗ? ಇದನ್ನ ಇಂಗ್ಲಿಷಲ್ಲಿ ಕೇಳಿ ಸಾರ್.’ ಅಷ್ಟು ಸಾಕು. ಮೇಷ್ಟ್ರು ಸೀಮೆಸುಣ್ಣ ಕೆಳಗಿಡುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ, ‘ಹೌ ಮೆನಿ...’ ಎಂದು ಶುರುಮಾಡಿ ದಶರಥನಿಗೆ ಒಟ್ಟು ಎಷ್ಟು ಮಕ್ಕಳು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಮೊದಲನೆಯವನು, ಎರಡನೆಯವನು ಎನ್ನಲು ಇಂಗ್ಲಿಷಿಗೆ ಬರುತ್ತದೆ. ಎಷ್ಟನೆಯವನು ಎಂದು ಕೇಳಲು ಮಾತ್ರ ಅದರ ಹತ್ತಿರ ಒಂದು ಪದವಿಲ್ಲ. ಸೂರ್ಯ ಮುಳುಗದ ಸಾಮ್ರಾಜ್ಯ ಕಟ್ಟಿದವರು ಇದೊಂದನ್ನು ಹೇಗೋ ಮರೆತರು.

ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ ಈ ಬಾಣದ ಮೊನೆ ಇನ್ನೂ ಚೂಪು. ಆಂಧ್ರದ ಗಡಿ ದೂರವಿಲ್ಲ. ಈ ಸೀಮೆಯ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡಿ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಕೆಲವರ ಮನೆಮಾತು ಉರ್ದು. ಕೆಜಿಎಫ್ ಕಡೆ ನೆಂಟರಿದ್ದವರಿಗೆ ತಮಿಳೂ ಅಷ್ಟಿಷ್ಟು ಅಂಟಿಕೊಂಡಿರುತ್ತದೆ. ತೆಲುಗಿನಲ್ಲಿ ‘ಎನ್ನೋ’, ತಮಿಳಿನಲ್ಲಿ ‘ಎತ್ತನಾವದು’, ಕನ್ನಡದಲ್ಲಿ ‘ಎಷ್ಟನೇ’. ಮೂರು ಭಾಷೆಯಲ್ಲಿ ಸಲೀಸಾಗಿ ಕೇಳಬಹುದಾದದ್ದನ್ನು ನಾಲ್ಕನೆಯದರಲ್ಲಿ ಕೇಳಲಾಗದೆ ಹುಡುಗ ತಡವರಿಸಿದರೆ ‘ಭಾಷೆಯಲ್ಲಿ ವೀಕು’ ಎಂಬ ಷರಾ ಬೀಳುತ್ತದೆ.

ಹಾಗಾದರೆ ಈ ಹುಡುಗನಿಗೆ ಇಂಗ್ಲಿಷ್ ಎಷ್ಟನೇ ಭಾಷೆ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಕೇಳಿದರೆ ಕನ್ನಡ ಪ್ರಥಮ, 125 ಅಂಕ. ಇಂಗ್ಲಿಷ್ ದ್ವಿತೀಯ, 100 ಅಂಕ. ಅವನ ಅಜ್ಜಿಯ ತೆಲುಗಿಗೆ ಅಲ್ಲಿ ಕಾಲಂ ಇಲ್ಲ. ಅಜ್ಜಿಯೂ ಕೇಳಿಲ್ಲ ಅನ್ನಿ.

ಸರ್ಕಾರಿ ಶಾಲೆಯಲ್ಲಿ ಹಿಂದೆ ಎಬಿಸಿಡಿಯ ಮುಖ ಕಾಣುತ್ತಿದ್ದದ್ದು ಐದನೇ ಕ್ಲಾಸಿಗೆ ಬಂದ ಮೇಲೆ. 2007-08ರಿಂದ ಅದು ಒಂದನೇ ಕ್ಲಾಸಿಗೇ ಇಳಿದು ಬಂತು. ಮೇಷ್ಟ್ರುಗಳಿಗೆ ಇಂಗ್ಲಿಷ್ ಕಲಿಸುವುದನ್ನು ಕಲಿಸಲು ಬೆಂಗಳೂರಿನಲ್ಲಿ 1963ರಲ್ಲೇ ಒಂದು ಪ್ರಾದೇಶಿಕ ಸಂಸ್ಥೆ ಹುಟ್ಟಿತ್ತು. ಆ ಕಾಲದ ತರಬೇತಿಯಲ್ಲಿ ವಾಕ್ಯದ ಅಚ್ಚುಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿಗೆ ಬಹಳ ಮರ್ಯಾದೆ. ಮೇಷ್ಟ್ರು ಪೆನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಅನ್ನುವರು. ಅದು ಪೆನ್ನು ಎಂಬುದರಲ್ಲಿ ಇಡೀ ತರಗತಿಯಲ್ಲಿ ಒಬ್ಬನಿಗೂ ಅನುಮಾನವಿರಲಿಲ್ಲ. ಆದರೂ ನಲವತ್ತು ಗಂಟಲುಗಳು ಒಟ್ಟಿಗೆ ಅದನ್ನು ದೃಢಪಡಿಸುವುವು.

ಇದಾದ ಮೇಲೆ ಬರುವುದು ರಜಾ ಅರ್ಜಿ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂಬ ಸಾಲನ್ನು ಕಂಠಪಾಠ ಮಾಡದೆ ಹೈಸ್ಕೂಲು ದಾಟಿದ ಕನ್ನಡಿಗ ಅಪರೂಪ. ಅರ್ಜಿಯಲ್ಲಿರುವ ಕಾಯಿಲೆ ಅದೊಂದೇ ಆದ್ದರಿಂದ ಹುಡುಗರಿಗೆ ಬರುವುದೂ ಅದೊಂದೇ. ಅಕ್ಕನ ಮದುವೆಗೂ ಜ್ವರ, ಊರ ಜಾತ್ರೆಗೂ ಜ್ವರ, ಕಡಲೆಕಾಯಿ ಕೀಳುವಾಗ ಮನೆಯವರೆಲ್ಲರ ಜೊತೆ ಇವನಿಗೂ ಜ್ವರ. ಒಬ್ಬ ಹುಡುಗ ಬರೆದ ಅರ್ಜಿಯಲ್ಲಿ ‘ಮೈ ಗ್ರ್ಯಾಂಡ್‌ಫಾದರ್ ಈಸ್ ಡೆಡ್’ ಎಂದಾದ ಮೇಲೂ ಜ್ವರದ ಸಾಲು ಹಾಗೇ ಉಳಿದಿತ್ತಂತೆ. ಮೇಷ್ಟ್ರು ಎರಡಕ್ಕೂ ಸೇರಿಸಿ ರಜೆ ಮಂಜೂರು ಮಾಡಿದರು.

ಇಂಗ್ಲಿಷಿನ ಇನ್ನೊಂದು ಬಡತನ ‘ಯು’. ಅಪ್ಪನಿಗೂ ಅದೇ, ನಾಯಿಮರಿಗೂ ಅದೇ. ನೀನು, ನೀವು ಎಂಬ ಎರಡು ಮಣೆಗಳಿರುವ ಮನೆಯಿಂದ ಬಂದ ಮಗುವಿಗೆ ಮೇಷ್ಟ್ರನ್ನು ‘ಯು’ ಅನ್ನುವುದೆಂದರೆ ಅವರ ಹೆಗಲ ಮೇಲೆ ಕೈ ಹಾಕಿದಂತೆ. ಅದಕ್ಕೇ ಅದು ಮಾತಿಗೆರಡು ಸಲ ‘ಸಾರ್’ ಸೇರಿಸುತ್ತದೆ. ಬಹುವಚನ ಹೋದಲ್ಲಿ ‘ಸಾರ್’ ಬಂದು ಕೂರುತ್ತದೆ. ಇದನ್ನು ಗುಲಾಮಗಿರಿ ಎಂದು ಬೈಯುವವರಿದ್ದಾರೆ. ವ್ಯಾಕರಣ ಎಂದರೂ ಸರಿಯೇ.

ತಮಾಷೆಯೆಂದರೆ ಶಾಲೆಯ ಕಾಂಪೌಂಡು ದಾಟಿದ ಕೂಡಲೇ ಊರ ತುಂಬ ಇಂಗ್ಲಿಷ್. ತೋಟದಲ್ಲಿ ಡ್ರಿಪ್ಪು, ಮಲ್ಚಿಂಗು. ಮೋಟಾರಿಗೆ ಸ್ಟಾರ್ಟರು, ಕರೆಂಟು ಬಂದರೆ ತ್ರೀ ಫೇಸಾ ಸಿಂಗಲ್ ಫೇಸಾ ಎಂಬ ವಿಚಾರಣೆ. ಹೆದ್ದಾರಿ ಪಕ್ಕದ ವಡ್ಡಹಳ್ಳಿ ಮಾರುಕಟ್ಟೆಗೆ ಹೊರಟ ಟೊಮೆಟೊಗೆ ಬಾಕ್ಸು, ಲೋಡು, ರೇಟು, ಕಮಿಷನ್ನು. ಕೊನೆಗೆ ಒಂದು ‘ಉ’ ಅಂಟಿಸಿಬಿಟ್ಟರೆ ಯಾವ ಪರದೇಶಿ ಪದವಾದರೂ ಮನೆಯಳಿಯನಾಗುತ್ತದೆ. ಆಮೇಲೆ ಅದಕ್ಕೆ ವಿಭಕ್ತಿ ಹಚ್ಚಿ ದುಡಿಸಿಕೊಳ್ಳುವುದಷ್ಟೇ ಬಾಕಿ. ‘ಫೇಲು’ ಎಂಬುದಕ್ಕಂತೂ ಇಲ್ಲಿ ಯಾರಿಗೂ ನಿಘಂಟು ಬೇಡ. ಸಾವಿರ ಅಡಿ ಕೊರೆಸಿದರೂ ಬೋರು ಫೇಲಾಗುವ ಜಿಲ್ಲೆ ಇದು. ಎಸ್ಸೆಸ್ಸೆಲ್ಸಿಯಲ್ಲಿ ಮಗ ಫೇಲಾದರೆ ಅಪ್ಪ ಅಷ್ಟೊಂದು ಕಂಗೆಡುವುದಿಲ್ಲ. ಅದಕ್ಕೆ ಲಕ್ಷಗಟ್ಟಲೆ ಸಾಲ ಮಾಡಿರುವುದಿಲ್ಲವಲ್ಲ.

ಇನ್ನು ಡೈರಿ. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಬೆಳಗಾಗುವುದೇ ಹಾಲಿನ ಕ್ಯಾನಿನ ಸದ್ದಿಗೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಅಲ್ಲಿ ಸಾಲಾಗಿ ನಿಂತು ‘ಇವತ್ತು ಫ್ಯಾಟ್ ಎಷ್ಟು ಬಂತಕ್ಕಾ?’ ‘ಫ್ಯಾಟೇನೋ ಬಂತು, ಎಸ್ಸೆನ್ನೆಫ್ಪೇ ಇಲ್ಲ ಕಣಮ್ಮ’ ಎಂದು ಮಾತಾಡಿಕೊಳ್ಳುತ್ತಾರೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇ. 3.5, ಕೊಬ್ಬು ಬಿಟ್ಟು ಉಳಿದ ಘನಾಂಶ ಶೇ. 8.5 ಇರಬೇಕು, ಕಡಿಮೆಯಾದರೆ ದುಡ್ಡು ಕಡಿಮೆ. ಎಸ್, ಎನ್, ಎಫ್ ಎಂಬ ಮೂರು ಅಕ್ಷರದ ಬಿಡಿಸಿದ ರೂಪ ಅವರಿಗೆ ತಿಳಿಯದಿರಬಹುದು, ಅದು ತಗ್ಗಿದರೆ ಬೂಸಾ ಎಷ್ಟು ಹೆಚ್ಚಿಸಬೇಕೆಂಬುದು ತಿಳಿದಿದೆ. ಇದೇ ಹೊತ್ತಿಗೆ ಅವರ ಮಗಳು ಒಳಗೆ ಕೂತು ‘ದ ಕೌ ಈಸ್ ಎ ಡೊಮೆಸ್ಟಿಕ್ ಆ್ಯನಿಮಲ್. ಇಟ್ ಹ್ಯಾಸ್ ಫೋರ್ ಲೆಗ್ಸ್’ ಎಂದು ಉರುಹೊಡೆಯುತ್ತಿರುತ್ತಾಳೆ. ಕೊಟ್ಟಿಗೆಯಲ್ಲಿ ನಾಲ್ಕು ಕಾಲೂ ಕಾಣಿಸುತ್ತಲೇ ಇರುತ್ತವೆ.

ಇದೇ ಮಣ್ಣಿನಲ್ಲಿ ಭಾಷೆಗಳ ಲೆಕ್ಕ ತಪ್ಪಿಸಿದ ಇಬ್ಬರು ದೊಡ್ಡವರಿದ್ದಾರೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಮುಂದೆ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದರು. 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರದು ಮನೆಮಾತು ತಮಿಳು, ಮದರಾಸಿನಲ್ಲಿ ಓದಿದ್ದು ಇಂಗ್ಲಿಷ್ ಎಂ.ಎ., ಬರೆದದ್ದು ಕನ್ನಡ. 1983ರ ಜ್ಞಾನಪೀಠವೂ ಕನ್ನಡಕ್ಕೇ ಬಂತು. ಮಾಸ್ತಿಯವರಿಗೆ ಕನ್ನಡ ಎಷ್ಟನೇ ಭಾಷೆ ಎಂದು ಕೇಳುವ ಧೈರ್ಯ ಯಾರಿಗಿದೆ?

ಹಸುವಿನ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ಅರಿಕೆ. ನಾಲ್ಕು ಕಾಲಿನ ವಿಷಯಕ್ಕೆ ಹೋಗುವ ಮುಂಚೆ ಮಕ್ಕಳಿಂದ ಮನೆಯ ಡೈರಿ ಪುಸ್ತಕವನ್ನೊಮ್ಮೆ ತರಿಸಿ. ಅದರಲ್ಲಿ ಹಸುವಿದೆ, ಲೆಕ್ಕವಿದೆ, ಇಂಗ್ಲಿಷೂ ಇದೆ. ಓದಿ ಹೇಳುವುದಕ್ಕೆ ಅಮ್ಮಂದಿರು ಬೇಕೆಂದರೆ ಬೆಳಗ್ಗೆ ಏಳರೊಳಗೆ ಬನ್ನಿ. ಆಮೇಲೆ ಟೊಮೆಟೊ ಬಿಡಿಸಲು ಹೋಗಿರುತ್ತಾರೆ.