ಯಾವ ಕಾರಂತರು?

ಕರಾವಳಿಯಲ್ಲಿ ಕಾರಂತನಾಗಿ ಹುಟ್ಟುವುದು ಅಂತಹ ಸಾಹಸವೇನಲ್ಲ. ಕೋಟದ ಪೇಟೆಯಲ್ಲಿ ನಿಂತು 'ಕಾರಂತರೇ' ಎಂದು ಕೂಗಿದರೆ ನಾಲ್ವರಾದರೂ ಓಗೊಟ್ಟಾರು. ಆದರೆ ಹಾಗೆ ಹುಟ್ಟಿದವನು ಘಟ್ಟ ಹತ್ತಿ, ನನ್ನಂತೆ ಬೆಂಗಳೂರಿನಲ್ಲಿ ಜಮಾಖರ್ಚಿನ ಪುಸ್ತಕ ಬರೆದು ಹೊಟ್ಟೆ ಹೊರೆಯತೊಡಗಿದನೆಂದರೆ, ಹೆಸರು ಕೇಳಿದವರ ಮುಖದಲ್ಲಿ ಉದಿಸುವ ಭಕ್ತಿಯೂ, ಉದ್ಯೋಗ ಕೇಳಿದೊಡನೆ ಅದು ಅಸ್ತಮಿಸುವ ವೇಗವೂ ಅವನಿಗೆ ನಿತ್ಯಾನುಭವವಾಗುತ್ತವೆ. "ಕಾರಂತರಿಗೆ ತಾವು ಏನಾಗಬೇಕು?" ಎಂಬುದು ಪ್ರಥಮ ಪ್ರಶ್ನೆ. ಯಾವ ಕಾರಂತರಿಗೆಂದು ಕೇಳುವುದು ಅವಿನಯ, ಕೇಳದಿರುವುದು ಅಪಾಯ.

ಹೆಸರು ಬಿಟ್ಟು ಕುಲನಾಮವನ್ನಷ್ಟೇ ಉಚ್ಚರಿಸುವುದು ನಮ್ಮಲ್ಲಿ ಗೌರವದ ಪರಾಕಾಷ್ಠೆಯಾದುದರಿಂದ, ಕೋಟ ಶಿವರಾಮ ಕಾರಂತರೂ 'ಕಾರಂತರು', ಬಂಟ್ವಾಳದ ಕಡೆಯ ಬಾಬುಕೋಡಿ ವೆಂಕಟರಮಣ ಕಾರಂತರೂ 'ಕಾರಂತರು'. ಕಾದಂಬರಿಯೆಂದರೆ ಅವರು, ರಂಗಭೂಮಿಯೆಂದರೆ ಇವರು ಎಂದು ಸೂತ್ರ ಹಾಕಿಕೊಳ್ಳೋಣವೆಂದರೆ, ಶಿವರಾಮರಾದರೋ ನಾಟಕ ಬರೆದು, ಯಕ್ಷಗಾನವನ್ನು ತಿದ್ದಿ, ಸ್ವತಃ ಗೆಜ್ಜೆ ಕಟ್ಟಿ ಕುಣಿದು, ಮಕ್ಕಳಿಗೆ 'ಬಾಲಪ್ರಪಂಚ'ವನ್ನಿತ್ತು, ಸಾಲದುದಕ್ಕೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೂ ನಿಂತು, ಎಲ್ಲ ಸೂತ್ರಗಳನ್ನೂ ಹರಿದೊಗೆದವರು. ಎಳೆತನದಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ವೆಂಕಟರಮಣರು ಗೊಂದಲವನ್ನು ತಗ್ಗಿಸಿದರೇ? ಇಲ್ಲ, ಶಿವರಾಮರ 1933ರ 'ಚೋಮನ ದುಡಿ'ಯನ್ನೇ ಆರಿಸಿ, 1975ರಲ್ಲಿ ಚಲನಚಿತ್ರವಾಗಿಸಿ, ಸ್ವರ್ಣಕಮಲವನ್ನೂ ತಂದರು. 1977ರಲ್ಲಂತೂ ಒಬ್ಬರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರೆ, ಇನ್ನೊಬ್ಬರಿಗೆ ಅದೇ ಸಾಲಿನ ಜ್ಞಾನಪೀಠ.

"ಕಾರಂತರ ಚೋಮನ ದುಡಿ ಬಹಳ ಸೊಗಸು," ಎಂದರು ಪಕ್ಕದ ಮನೆಯ ರಾಯರು.

"ಓದಿದಿರೋ, ನೋಡಿದಿರೋ?"

"ಎರಡೂ ಆಯ್ತು ಸ್ವಾಮಿ. ಬರೆದವರೇ ಸಿನಿಮಾ ತೆಗೆದರೆ ನೋಡಿ, ಎಲ್ಲೂ ಕೆಡೋದಿಲ್ಲ!"

ಅಷ್ಟು ಪ್ರಾಮಾಣಿಕವಾದ ವಿಮರ್ಶೆಗೆ ಅಡ್ಡ ಬರುವುದು ನನಗೆ ಸರಿಕಾಣಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆನೋ ಏನೋ! ಶಿವರಾಮರ ಪುತ್ರ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡು ಹೊಕ್ಕು, ಮರಗಳಿಗೆ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆಗಳಿಂದಲೇ ಒಂದು ಹುಲಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಎಣಿಸುವ ಶಾಸ್ತ್ರವನ್ನು ಬೆಳೆಸಿದರು. ಹುಲಿಗಳಿಗೆ ಒದಗಿದ ಈ ಸೌಭಾಗ್ಯ ಕಾರಂತರಿಗೆ ಒದಗಲಿಲ್ಲವೆಂಬುದು ಹಾಗಿರಲಿ. ಹಾಲಿನ ಪಾತ್ರೆಗೆ ಬಾಯಿ ಹಾಕಿದ ಗಂಡುಬೆಕ್ಕೊಂದು ಗುರುಗುಟ್ಟಲು ನಾನು ಅಡುಗೆಮನೆಯಿಂದ ಜಗಲಿಗೆ ಹಾರಿದಾಗ, ರಾಯರು ಬೇಲಿಯಾಚೆಯಿಂದ ಕೇಳಿಯೇಬಿಟ್ಟರು:

"ಏನ್ರೀ, ಕಾರಂತರಾಗಿಯೂ?"