ಟೂರ್ ಮಾವ

ಪ್ರತಿ ಕುಟುಂಬದಲ್ಲೂ ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವವರು ಒಬ್ಬರು, ತಿಥಿಗೆ ಪುರೋಹಿತರನ್ನು ಹಿಡಿದು ತರುವವರು ಒಬ್ಬರು, ಮಕ್ಕಳ ಪರೀಕ್ಷೆ ಮುಗಿಯುವುದನ್ನೇ ಕಾದಿದ್ದು ಮನೆಮಂದಿಯನ್ನೆಲ್ಲ ಟೆಂಪೋ ಟ್ರಾವೆಲರ್, ಅಂದರೆ ಟಿ.ಟಿ.ಗೆ ತುಂಬುವವರು ಒಬ್ಬರು ಇದ್ದೇ ಇರುತ್ತಾರೆ. ನಿಮ್ಮ ಮನೆಯಲ್ಲಿ ಅವರು ಭಾವನೋ ಚಿಕ್ಕಪ್ಪನೋ ಆಗಿರಬಹುದು. ನಮ್ಮಲ್ಲಿ ಅಮ್ಮನ ತಮ್ಮ. ಲೆಕ್ಕಪತ್ರ ವಿಭಾಗದಲ್ಲಿ ಕೂತು 34 ವರ್ಷ ಊರವರ ಟಿ.ಎ. ಬಿಲ್ಲುಗಳಿಗೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ನಿವೃತ್ತರಾದವರು. ಊರೆಲ್ಲ ಸುತ್ತಿದವರ ಬಿಲ್ಲು ನೋಡಿ ನೋಡಿ ತಮಗೂ ಸುತ್ತುವ ಹುಚ್ಚು ಹಿಡಿಯಿತೋ, ಅಥವಾ ಬಿಲ್ಲು ಮಾಡುವ ಆಸೆಗೆ ಸುತ್ತುತ್ತಾರೋ, ಅತ್ತೆಗೂ ತಿಳಿಯದು. ನಮ್ಮ ಮನೆಯ ಮಕ್ಕಳಿಗೆ ಅವರು ಟೂರ್ ತಾತ, ನಮಗೆ ಟೂರ್ ಮಾವ.

ಈ ಸಲ ಅಮ್ಮ ಮೊದಲೇ ಹೇಳಿದ್ದಳು: "ನೋಡಪ್ಪಾ, ನನ್ನ ಮಂಡಿ ಕೇಳಲ್ಲ. ಚಿಕ್ಕಮಗಳೂರಿನ ಕಡೆ ಒಂದು ಮನೆ ಮಾಡಿ, ಮೂರು ದಿನ ತಣ್ಣಗೆ ಇದ್ದು ಬರೋಣ." ಮಾವ ತಲೆಯಾಡಿಸಿದರು. ಆಮೇಲೆ ಡೈರಿ ತೆಗೆದರು. ಅಲ್ಲಿಗೆ ಅಮ್ಮನ ಮಂಡಿಯ ಕಥೆ ಮುಗಿಯಿತು.

ವಿಷಯ ಇಷ್ಟೆ. ಟಿ.ಟಿ. ಬಾಡಿಗೆಯಲ್ಲಿ ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಅಂತ ಲೆಕ್ಕ. ಓಡಿಸಿದರೂ ಅಷ್ಟೇ, ಮರದ ಕೆಳಗೆ ನಿಲ್ಲಿಸಿದರೂ ಅಷ್ಟೇ. ಡ್ರೈವರ್ ಬಾಟಾ, ಟೋಲು, ಪಾರ್ಕಿಂಗು ಬೇರೆ. ಮೂರು ದಿನಕ್ಕೆ 900 ಆಯಿತು. ಚಿಕ್ಕಮಗಳೂರಿಗೆ ಹೋಗಿ, ಮುಳ್ಳಯ್ಯನಗಿರಿ ಹತ್ತಿಳಿದು, ವಾಪಸ್ ಬಂದರೆ ಎಷ್ಟು ಎಳೆದರೂ 600 ದಾಟುವುದಿಲ್ಲ. "ಹಾಗಾದ್ರೆ ಮಿಕ್ಕ 300 ಕಿಲೋಮೀಟರ್ ಯಾರಪ್ಪನ ಮನೆ ಗಂಟು?" ಎಂದು ಮಾವ ಗುಡುಗಿದರು. ದುಡ್ಡು ಕೊಟ್ಟು ಬಡಿಸಿಕೊಂಡ ಎಲೆಯಲ್ಲಿ ಅನ್ನ ಬಿಟ್ಟು ಏಳುವ ಪಾಪ ಅವರ ಕಣ್ಣಿಗೆ ಕಂಡಿತ್ತು. ಆ 300 ತುಂಬಿಸಲು ಜೋಗ ಬಂತು, ಜೋಗದಿಂದ ಇಳಿದರೆ ಮುರುಡೇಶ್ವರ, ಅಷ್ಟು ದೂರ ಹೋಗಿ ಕೊಲ್ಲೂರು ಬಿಟ್ಟರೆ ಅಮ್ಮನವರು ಏನೆಂದುಕೊಂಡಾರು, ಉಡುಪಿ, ಧರ್ಮಸ್ಥಳ, ಘಾಟಿ ಹತ್ತಿದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಕೂಡಿದರೆ 1,080. ಹೀಗೆ 300 ಕಿಲೋಮೀಟರ್ ಉಳಿಸಲು ಹೋಗಿ 180ಕ್ಕೆ ಹೆಚ್ಚುವರಿ ದುಡ್ಡು ಕಟ್ಟುವ ಯೋಜನೆ ತಯಾರಾಯಿತು. ಚಿಕ್ಕಮಗಳೂರು ಮಾತ್ರ ದಾರಿಗೆ ಅಡ್ಡ ಬರುತ್ತದೆಂದು ಕೈಬಿಟ್ಟುಹೋಯಿತು.

ಹೊರಡುವ ಮುಹೂರ್ತ ರಾತ್ರಿ 12 ಗಂಟೆ 1 ನಿಮಿಷ. ಪಂಚಾಂಗದಲ್ಲಿ ಇದಕ್ಕೆ ಆಧಾರ ಹುಡುಕಬೇಡಿ. ಟ್ರಾವೆಲ್ಸ್‌ನವರ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಹನ್ನೊಂದೂವರೆಗೆ ಗಾಡಿ ಹತ್ತಿದರೆ ಅರ್ಧ ಗಂಟೆಗೆ ಪೂರ್ತಿ ದಿನದ ಬಾಡಿಗೆ. ಆದ್ದರಿಂದ ಹತ್ತು ಗಂಟೆಗೇ ತಲೆ ಬಾಚಿಕೊಂಡು ಸಿದ್ಧರಾದ ನಾವು ಹದಿನಾಲ್ಕು ಜನ, ಮಾವನ ಮನೆಯ ಜಗಲಿಯಲ್ಲಿ ಬ್ಯಾಗುಗಳ ಮೇಲೆ ಕೂತು ತೂಕಡಿಸುತ್ತಿದ್ದೆವು. ಗಾಡಿಗೆ ಹನ್ನೆರಡು ಸೀಟು. ಮಿಕ್ಕ ಎರಡು ಮಕ್ಕಳನ್ನು ಮಾವ ಡೈರಿಯಲ್ಲಿ "ತೊಡೆ" ಎಂದು ಬರೆದಿದ್ದರು.

ಸಾಮಾನು ಹತ್ತಿದ ಕ್ರಮವನ್ನೂ ಹೇಳಬೇಕು. 20 ಲೀಟರಿನ ನೀರಿನ ಕ್ಯಾನು, ಸ್ಟೀಲ್ ಲೋಟದ ಸೆಟ್ಟು, ಜಮಖಾನ ಎರಡು, ನ್ಯೂಸ್‌ಪೇಪರಿನ ಕಟ್ಟು, ಬಟ್ಟೆ ಒಣಗಿಸಲು ಹಗ್ಗ, ವಾಂತಿಯ ಮಾತ್ರೆ, ಮಾತ್ರೆ ಕೆಲಸ ಮಾಡದಿದ್ದರೆ ನಿಂಬೆಹಣ್ಣು, ಅದೂ ಮಾಡದಿದ್ದರೆ ಪ್ಲಾಸ್ಟಿಕ್ ಕವರು. ಅತ್ತೆಯ ಕಡೆಯಿಂದ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಮತ್ತು ಎರಡು ಡಬ್ಬ ಕೋಡುಬಳೆ. ಹೋಟೆಲಿನ ವಿಷಯದಲ್ಲಿ ಮಾವನದು ಒಂದೇ ಸಿದ್ಧಾಂತ: ಡ್ರೈವರ್ ತೋರಿಸಿದ ಹೋಟೆಲಿಗೆ ಕಾಲಿಡಬಾರದು. "ಅವನಿಗೆ ಅಲ್ಲಿ ಫ್ರೀ ಊಟ. ಆ ಊಟದ ದುಡ್ಡು ನಿನ್ನ ದೋಸೆಯಲ್ಲಿ ಸೇರಿರುತ್ತೆ." ಅಲ್ಲದೆ ಅವರ ನಕ್ಷೆಯೇ ಬೇರೆ. ರಾತ್ರಿ ಊಟದ ಹೊತ್ತಿಗೆ ಕೊಲ್ಲೂರು, ಮಧ್ಯಾಹ್ನದ ಊಟಕ್ಕೆ ಉಡುಪಿ, ಮತ್ತೆ ರಾತ್ರಿಗೆ ಧರ್ಮಸ್ಥಳ. ಕರಾವಳಿಯ ದೇವಸ್ಥಾನಗಳೆಲ್ಲ ಎರಡು ಊಟದ ನಡುವಿನ ಸರಿಯಾದ ಅಂತರದಲ್ಲಿ ಸ್ಥಾಪನೆಯಾಗಿರುವುದು ದೈವಸಂಕಲ್ಪ ಎಂಬುದು ಅವರ ನಂಬಿಕೆ.

ಬೆಳಗ್ಗೆ ಜೋಗ. ಮೇ ತಿಂಗಳು. ಮೇಲುಗಡೆ ಲಿಂಗನಮಕ್ಕಿಯಲ್ಲಿ 1964ರಿಂದ ಅಣೆಕಟ್ಟು ನಿಂತಿದೆ, ಬೇಸಿಗೆಯಲ್ಲಿ ಶರಾವತಿ ಕರೆಂಟಾಗುತ್ತಾಳೆಯೇ ಹೊರತು ಜಲಪಾತ ಆಗುವುದಿಲ್ಲ. ರಾಜಾ, ರಾಣಿ, ರೋರರ್, ರಾಕೆಟ್ ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಕ್ಕಳು ಕಟಕಟೆ ಹಿಡಿದು ನೋಡಿದರೆ, ಬಂಡೆಯ ಮೇಲೆ ಯಾರೋ ಒಣಗಲು ಹಾಕಿದ ನೂಲಿನಂತೆ ಎರಡು ಎಳೆ. "ನೀರೆಲ್ಲಿ ತಾತ?" ಎಂದಿತು ಒಂದು. ಮಾವ ವಿಚಲಿತರಾಗಲಿಲ್ಲ. "ನೀರು ಯಾವಾಗ ಬೇಕಾದ್ರೂ ನೋಡಬಹುದು ಪುಟ್ಟ. ಮಳೆಗಾಲದಲ್ಲಿ ಬಂದೋರಿಗೆ ಈ ಬಂಡೆ ಕಾಣಿಸುತ್ತಾ? 253 ಮೀಟರ್ ಬಂಡೆ! ಸರಿಯಾಗಿ ನೋಡಿಕೋ, ಹನ್ನೆರಡು ನಿಮಿಷ ಟೈಮಿದೆ."

ಮುರುಡೇಶ್ವರದಲ್ಲಿ ಅಷ್ಟೂ ಸಿಗಲಿಲ್ಲ. ಪಾರ್ಕಿಂಗಿಗೆ ಸಾಲು ಹೆದ್ದಾರಿಯ ಕಡೆಗೆ ಬೆಳೆದಿತ್ತು. ಮಾವ ಗಾಡಿ ನಿಧಾನ ಮಾಡಿಸಿ, ಎಡಗಡೆ ಸೀಟಿನವರನ್ನೆಲ್ಲ ಬಗ್ಗಿಸಿ, ಬಲಗಡೆಯವರಿಗೆ ಶಿವನನ್ನು ತೋರಿಸಿದರು. "ಇಳಿದು ಹತ್ತಿರದಿಂದ ನೋಡೋಣ" ಎಂದ ಚಿಕ್ಕಮ್ಮನಿಗೆ, "123 ಅಡಿ ಕಟ್ಟಿಸಿದ್ದೇ ದೂರದಿಂದ ಕಾಣಲಿ ಅಂತ" ಎಂದರು. ಉಡುಪಿಯಲ್ಲಿ ಜನ ಹೊರಗಿನ ಕನಕನ ಕಿಂಡಿಯ ಮುಂದೆ ಕಣ್ಣುಮುಚ್ಚಿ ನಿಂತಿದ್ದಾಗ ಹಿಂದಿನಿಂದ ಪಿಸುಮಾತು: "ಕಣ್ಣು ಬಿಟ್ಟು ನೋಡಿ ಅಂತ ಅಲ್ವೇನ್ರೀ ದೇವರು ಈ ಕಡೆ ತಿರುಗಿದ್ದು? ನಡೀರಿ, ಎರಡನೇ ಪಂಕ್ತಿ ಎಲೆ ಹಾಕ್ತಿದಾರೆ."

ಗೈಡು ಹಿಡಿಯುವುದರಲ್ಲೂ ಅವರದೊಂದು ಶಾಸ್ತ್ರವಿದೆ. ಬೇರೆಯವರ ಗೈಡಿನ ಪಕ್ಕ ನಿಲ್ಲಬೇಕು, ಆದರೆ ಅವನ ಕಡೆ ನೋಡಬಾರದು. ಅವನು ಶಿಲಾಬಾಲಿಕೆ ತೋರಿಸಿದಾಗ ನಾವು ಆಕಾಶ ನೋಡುತ್ತ ಕಿವಿ ಮಾತ್ರ ಅತ್ತ ಇಡಬೇಕು. ಅವನು ದನಿ ತಗ್ಗಿಸಿದನೋ, ಗುರುತು ಹಿಡಿದನೆಂದು ಅರ್ಥ. ಇನ್ನೊಂದು ಗುಂಪು ನೋಡಿಕೊಳ್ಳಬೇಕು. ಈ ಶಾಸ್ತ್ರವನ್ನು ಮಾವ ನಮಗೆ ಗಾಡಿಯಲ್ಲೇ ಪಾಠ ಮಾಡಿ ಒಳಗೆ ಕಳಿಸುತ್ತಾರೆ. ತಾವು ಮಾತ್ರ ಹೊರಗೆ ಉಳಿಯುತ್ತಾರೆ.

ಯಾಕೆಂದರೆ ಚಪ್ಪಲಿ.

ಚಪ್ಪಲಿ ಸ್ಟ್ಯಾಂಡು ಎಂಬ ವ್ಯವಸ್ಥೆಯನ್ನು ಮಾವ ಒಪ್ಪುವುದಿಲ್ಲ. ನಮ್ಮದೇ ಚಪ್ಪಲಿ, ನಾವೇ ಬಿಟ್ಟಿದ್ದು, ನಾವೇ ಹಾಕಿಕೊಳ್ಳುವುದು. ನಡುವೆ ಯಾರಿಗೋ ದುಡ್ಡು ಕೊಡುವುದು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ? ಹಾಗಾಗಿ ಪ್ರತಿ ಕ್ಷೇತ್ರದಲ್ಲೂ ಬಾಗಿಲ ಬಳಿ ಒಂದು ನೆರಳು ಹುಡುಕಿ, ನ್ಯೂಸ್‌ಪೇಪರ್ ಹಾಸಿ ಕೂರುತ್ತಾರೆ. ಮುಂದೆ ಹದಿಮೂರು ಜೊತೆ ಚಪ್ಪಲಿ, ಹಿರಿಯರದು ಬಲಕ್ಕೆ, ಮಕ್ಕಳದು ಎಡಕ್ಕೆ. ಕಾಲಲ್ಲಿ ತಮ್ಮದು, ಹೆಬ್ಬೆರಳಿಗೆ ಉಂಗುರವಿರುವ ಕಂದು ಚರ್ಮದ ಜೋಡು. ಕೈಯಲ್ಲಿ ಗಡಿಯಾರ.

ಮೂರನೇ ದಿನ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಾತ್ರೆ, ನಿಂಬೆಹಣ್ಣು, ಕವರು ಮೂರಕ್ಕೂ ಕೆಲಸ ಸಿಕ್ಕಿ, ಕೊಟ್ಟಿಗೆಹಾರದಲ್ಲಿ ಎಲ್ಲರೂ ಮುಖ ತೊಳೆದುಕೊಂಡು, ಹನ್ನೊಂದು ಗಂಟೆಗೆ ಬೇಲೂರು ತಲುಪಿದೆವು. ಡೈರಿಯ ಪ್ರಕಾರ ಬೇಲೂರಿಗೆ 25 ನಿಮಿಷ. "1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು" ಎಂದು ಮಾವ ಗಾಡಿಯಲ್ಲೇ ಘೋಷಿಸಿದರು. "ಯುನೆಸ್ಕೋದವರು 2023ರಲ್ಲಿ ಇದನ್ನ ಪಟ್ಟಿಗೆ ಸೇರಿಸಿದ್ರು. ನಾನು ನನ್ನ ಪಟ್ಟಿಗೆ 1994ರಲ್ಲೇ ಸೇರಿಸಿದ್ದೆ. ಇದು ಹನ್ನೊಂದನೇ ಸಲ."

ಚಪ್ಪಲಿ ಬಿಡುತ್ತಿದ್ದ ನನ್ನ ಎಂಟು ವರ್ಷದ ಮಗಳು ಕೇಳಿದಳು: "ತಾತ, ಒಳಗೆ ನರಸಿಂಹ ಕಂಬ ಅಂತ ಇದ್ಯಂತೆ. ಮೊದಲು ತಿರುಗ್ತಿತ್ತಂತೆ. ನೀವು ನೋಡಿದಾಗ ತಿರುಗ್ತಿತ್ತಾ?"

ಮಾವ ಗಡಿಯಾರ ನೋಡಿಕೊಂಡರು. ನ್ಯೂಸ್‌ಪೇಪರ್ ಕೊಡವಿದರು. "ನಾನು ಒಳಗೆ ಹೋಗಿಲ್ಲಮ್ಮ" ಎಂದರು.

"ಒಂದು ಸಲಾನೂ?"

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ, ಹವಾಮಾನ ವರದಿ ಓದುವವರ ದನಿಯಲ್ಲಿ ಹೇಳಿದರು: "ಮದುವೆಯಾದ ಹೊಸದರಲ್ಲಿ ಇಬ್ಬರೇ ಬಂದಿದ್ವಿ. ಆಗ ಧಾರೆಗೆ ಕೊಟ್ಟ ಚಪ್ಪಲಿ ಹೊಸದು ಅಂತ ಹೊರಗೇ ಕೂತಿದ್ರು. ನಾನೊಬ್ಬಳೇ ನೋಡ್ಕೊಂಡು ಬಂದೆ."

ಹದಿಮೂರು ಜನರ ಎದುರು ಹೀಗೆ 30 ವರ್ಷದ ಕಡತ ತೆರೆದುಕೊಂಡಾಗ ನನಗೇ ಒಂಥರಾ ಆಯಿತು. "ಮಾವ, ನೀವು ಹೋಗಿ ಬನ್ನಿ. ನಾನು ಕೂರ್ತೀನಿ" ಎಂದೆ. ಅವರು ಬೇಡವೆಂದರು, ಅಮ್ಮ ಗದರಿದಳು, ಮಗಳು ಬೆರಳು ಹಿಡಿದು ಎಳೆದಳು. ಕೊನೆಗೆ ಆ ಕಂದು ಜೋಡನ್ನು ಕಳಚಿ, ಬಲಗಡೆಯ ಸಾಲಿನ ತುದಿಯಲ್ಲಿ ಜೋಡಿಸಿ, "ಕಣ್ಣು ಇಲ್ಲೇ ಇರಲಿ" ಎಂದು ಹೇಳಿ ಹೊರಟರು. ಅಂಗಳದ ಕಲ್ಲು ಆಗಲೇ ಕಾದಿತ್ತು. ಹಾಸಿದ್ದ ನಾರಿನ ಚಾಪೆಯ ಮೇಲೆ, ಸೂಕ್ಷ್ಮ ಪಾದದ ಮದುಮಗನ ಹಾಗೆ, ಹೆಜ್ಜೆ ಎತ್ತಿ ಎತ್ತಿ ಇಡುತ್ತ ಹೋದರು.

ಐದು ನಿಮಿಷಕ್ಕೆ ಬಂದುಬಿಡುತ್ತಾರೆಂದು ನನ್ನ ಲೆಕ್ಕ. 25 ನಿಮಿಷವಾಯಿತು. ಒಬ್ಬೊಬ್ಬರೇ ಹೊರಬಂದು ನೆರಳಿಗೆ ಕೂತರು. ಡ್ರೈವರ್ ಬಂದು, "ಏನ್ ಸಾರ್, ಯಜಮಾನ್ರಿಗೆ ಹುಷಾರಿಲ್ವಾ?" ಎಂದು ವಿಚಾರಿಸಿದ. 50 ನಿಮಿಷವಾದ ಮೇಲೆ ಮಾವ ಕಾಣಿಸಿಕೊಂಡರು. ನಡಿಗೆ ನಿಧಾನವಾಗಿತ್ತು. ಚಾಪೆ ಬಿಟ್ಟು ಕಾದ ಕಲ್ಲಿನ ಮೇಲೇ ಬರುತ್ತಿದ್ದರು, ಅದು ಅವರಿಗೆ ತಿಳಿದಂತಿರಲಿಲ್ಲ.

"ನಲವತ್ತೆಂಟು ಕಂಬ ಕಣೋ" ಎಂದರು. "ಎರಡು ಸಲ ಎಣಿಸಿದೆ. ಮಧ್ಯದ ನಾಲ್ಕು ಬಿಟ್ಟರೆ ಒಂದರ ಹಾಗೆ ಇನ್ನೊಂದಿಲ್ಲ. ಅಷ್ಟೂ ಕಡೆ ಹುಡುಕಿದೆ, ಒಂದೂ ನಕಲು ಸಿಗಲಿಲ್ಲ." 34 ವರ್ಷ ನಕಲು ಬಿಲ್ಲು ಹಿಡಿದ ಮನುಷ್ಯ ಒಂದು ಕಟ್ಟಡಕ್ಕೆ ಕೊಡಬಹುದಾದ ಅತಿ ದೊಡ್ಡ ಬಿರುದು ಅದು. ಆಮೇಲೆ ಅಭ್ಯಾಸಬಲದಿಂದ ಕಣ್ಣು ಬಲಗಡೆಯ ಸಾಲಿನ ತುದಿಗೆ ಹೋಯಿತು.

ಅಲ್ಲಿ ಕಂದು ಜೋಡು ಇರಲಿಲ್ಲ. ಅದೇ ಜಾಗದಲ್ಲಿ, ಅಷ್ಟೇ ಅಚ್ಚುಕಟ್ಟಾಗಿ, ಹಿಮ್ಮಡಿ ಸವೆದ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಇತ್ತು. ನಾನು ಫೋನು ಜೇಬಿಗೆ ಹಾಕಿಕೊಂಡೆ.

ಮಾವ ಬಗ್ಗಿ ಅದನ್ನು ಪರೀಕ್ಷಿಸಿದರು. ಕಾಲು ತೂರಿಸಿ ನೋಡಿದರು. ಹಿಮ್ಮಡಿ ಎರಡು ಬೆರಳು ಹೊರಗೆ ಉಳಿಯಿತು. "ಬಿಟ್ಟುಹೋದವನ ಮನಸ್ಸು ದೊಡ್ಡದು, ಕಾಲು ಚಿಕ್ಕದು" ಎಂದರು. ನನಗೆ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹಳೇಬೀಡಿನವರೆಗಿನ 16 ಕಿಲೋಮೀಟರನ್ನು 160 ಮಾಡಿತು. ಹಳೇಬೀಡಿನಲ್ಲಿ ಅವರು ಬರಿಗಾಲಲ್ಲೇ ಇಳಿದು, ಮೊದಲಿನಂತೆ ಪೇಪರ್ ಹಾಸಿ, ನಮ್ಮೆಲ್ಲರ ಚಪ್ಪಲಿಯ ಮುಂದೆ ಕೂತರು. "ಅದಕ್ಕೇ ಕಣೋ ನಾನು ಒಳಗೆ ಹೋಗಲ್ಲ" ಎಂದಷ್ಟೇ ಹೇಳಿದರು.

ತಡವಾದ್ದರಿಂದ ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಲಾಗಲಿಲ್ಲ. 600ಕ್ಕೂ ಹೆಚ್ಚು ಮೆಟ್ಟಿಲು ತಪ್ಪಿತೆಂದು ಅಮ್ಮನ ಮಂಡಿ ಗೊಮ್ಮಟನಿಗೆ ಬುಡದಿಂದಲೇ ಕೃತಜ್ಞತೆ ಹೇಳಿತು. ಗಾಡಿ ಮನೆ ಮುಟ್ಟಿದಾಗ ರಾತ್ರಿ 11 ಗಂಟೆ 51 ನಿಮಿಷ. ಒಂಬತ್ತು ನಿಮಿಷ ಉಳಿಸಿದ ಹೆಮ್ಮೆಯಲ್ಲಿ ಮಾವ ಡ್ರೈವರಿಗೆ ಬಾಟಾದ ಮೇಲೆ ಒಂದಿಷ್ಟು ಕೊಟ್ಟು, ಉಳಿದ ಕೋಡುಬಳೆಯನ್ನೂ ಕಟ್ಟಿಕೊಟ್ಟರು.

ಮರುದಿನ ಫ್ಯಾಮಿಲಿ ಗ್ರೂಪಿನಲ್ಲಿ ಲೆಕ್ಕ ಬಂತು. ಗಾಡಿ ಬಾಡಿಗೆಯಿಂದ ಹಿಡಿದು ನಿಂಬೆಹಣ್ಣಿನವರೆಗೆ ಪ್ರತಿಯೊಂದನ್ನೂ ಹನ್ನೆರಡೂವರೆ ತಲೆಗೆ ಭಾಗಿಸಿದ್ದರು. ತೊಡೆಯ ಮಕ್ಕಳು ಕಾಲು ಕಾಲು ತಲೆ. ಕೊನೆಯಲ್ಲೊಂದು ಸಾಲು: "ಬೇಲೂರು, ಚಪ್ಪಲಿ 1 ಜೊತೆ. ಸ್ವಂತ ಖರ್ಚು. ಹಂಚಿಕೆ ಇಲ್ಲ."

ಅದರ ಕೆಳಗೆ, ಯಾರೂ ಕೇಳದಿದ್ದರೂ, ದಸರಾ ರಜೆಯ ಕರಡು ಯೋಜನೆ. ಊರುಗಳ ಪಟ್ಟಿ ಎಂದಿನಂತೆ ಉದ್ದವಾಗಿತ್ತು, ಕಿಲೋಮೀಟರು 900 ದಾಟಿತ್ತು. ಎಲ್ಲದರ ಎದುರೂ 15 ನಿಮಿಷ, 20 ನಿಮಿಷ. ಒಂದರ ಎದುರು ಮಾತ್ರ "ಬೇಲೂರು (ಒಳಗೆ): 2 ಗಂಟೆ". ಹೊಸದಾಗಿ ಇನ್ನೊಂದು ಕಾಲಂ ಇತ್ತು, "ಚಪ್ಪಲಿ ಡ್ಯೂಟಿ". ಅಮ್ಮ, ಚಿಕ್ಕಮ್ಮ, ಅತ್ತೆ, ಭಾವ, ಕೊನೆಗೆ ನನ್ನ ಎಂಟು ವರ್ಷದ ಮಗಳಿಗೂ ಸರದಿಯಂತೆ ಹಂಚಲಾಗಿತ್ತು. ಎರಡು ಸಲ ಓದಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ.